ಮಲ್ಲಮ್ಮ ಕಲಿಸಿದ ಗಂಟು

ಮೊನ್ನೆ ನನ್ನ ಸೊಸೆ, ಈಗಷ್ಟೇ ಓಡಲು ಕಲಿತ ಮೊಮ್ಮಗಳಿಗೆಂದು ಅಂಗಡಿಯಿಂದ ಒಂದು ಪಟ್ಟಿ ತಂದಳು. ಒಂದು ತುದಿ ಮಗುವಿನ ಸೊಂಟಕ್ಕೆ, ಇನ್ನೊಂದು ತಾಯಿಯ ಕೈಗೆ. "ಹೊಸಾದು ಬಂದದ ನೋಡ್ರಿ ಅತ್ತಿ" ಎಂದಳು. ನನಗೆ ನಗು ತಡೆಯಲಾಗಲಿಲ್ಲ. ಈ ಹೊಸದನ್ನು ನಾನು ಎಪ್ಪತ್ತರ ದಶಕದಲ್ಲೇ ರಾವೂರಿನ ಕಲ್ಲಿನ ಖಣಿಯಲ್ಲಿ ನೋಡಿದ್ದೆ.

ಆಗ ನಾನು ಸಮಾಜಕಾರ್ಯ ಓದಿ ಹೊಸದಾಗಿ ನೌಕರಿಗೆ ಸೇರಿದವಳು. ಖಣಿ ಕೂಲಿಕಾರರ ಮಕ್ಕಳು ಎಷ್ಟು ಸುರಕ್ಷಿತವಾಗಿದ್ದಾರೆಂದು ಅಧ್ಯಯನ ಮಾಡುವುದು ನಮ್ಮ ಕೆಲಸ. ವಾಡಿ ಸ್ಟೇಷನ್ನಿನಲ್ಲಿ ಇಳಿದಾಗ ಜಗತ್ತನ್ನೇ ತಿದ್ದುವ ಠೀವಿ ನನ್ನದು. ರಾವೂರಿನ ಬಿಸಿಲು ಅದನ್ನು ಬೇಗನೆ ಇಳಿಸಿತು ಬಿಡಿ.

ಮಲ್ಲಮ್ಮ ಅಲ್ಲಿ ಕಲ್ಲು ಹೊರುತ್ತಿದ್ದಳು. ಗಂಡ ತೀರಿಹೋಗಿದ್ದ. ಮಗಳು ಶರಣಿಯ ಸೊಂಟಕ್ಕೆ ಹಳೆಯ ಸೀರೆ ಬಿಗಿದು, ಬೇವಿನ ಮರಕ್ಕೆ ಕಟ್ಟಿ ಕೆಲಸಕ್ಕೆ ಇಳಿಯುತ್ತಿದ್ದಳು. ಅಲ್ಲಿನ ತಾಯಂದಿರೆಲ್ಲ ಹಾಗೆಯೇ. ಕೂಸು ನೆರಳಲ್ಲಿ ಆಡಬೇಕು, ನೀರು ನಿಂತ ಹೊಂಡದ ಹತ್ತಿರ ಹೋಗಬಾರದು. ಸೀರೆ ಅಷ್ಟೇ ಉದ್ದ. ಕೂಸು ಎಷ್ಟು ಎಳೆದರೂ ಬಿಚ್ಚದ ಆ ಗಂಟನ್ನು ನನಗೂ ಕಲಿಸಿದ್ದಳು.

ಒಂದು ದಿನ ನಮ್ಮ ಸಾಹೇಬರು ಬಂದರು. ಮರದ ಬುಡ ನೋಡಿ ಮುಖ ಕೆಂಪಾಯಿತು.

"ಕೂಸಿಗಿ ದನದ ಹಂಗ ಕಟ್ಟಿಯಲ್ಲ! ಇದಕ್ಕ ಗುಲ್ಬರ್ಗಾದ ಅನಾಥಾಶ್ರಮಕ್ಕ ಕಳಸಬೇಕು" ಎಂದವರೇ ನನ್ನತ್ತ ತಿರುಗಿದರು. "ತಾಯಿಯ ನಿರ್ಲಕ್ಷ್ಯ ಅಂತ ಬರೀರಿ."

ಮಲ್ಲಮ್ಮನಿಗೆ ಇದ್ದದ್ದು ಆ ಮಗಳೊಬ್ಬಳೇ. ನನಗೋ ಹೊಸ ನೌಕರಿ. ಆದರೂ ಬಾಯಿಂದ ಬಂದೇಬಿಟ್ಟಿತು: "ನಾ ಬರಿಯಂಗಿಲ್ರಿ ಸಾಹೇಬ್ರ. ಇದು ನಿರ್ಲಕ್ಷ್ಯ ಅಲ್ಲ."

ಮಲ್ಲಮ್ಮ ತಲೆಯ ಮೇಲಿನ ಬುಟ್ಟಿ ಇಳಿಸಿದಳು. ಅಳಲಿಲ್ಲ, ಕಾಲಿಗೂ ಬೀಳಲಿಲ್ಲ. ಹೊಂಡದ ದಂಡೆಗೆ ಹೋಗಿ ಅಡ್ಡ ನಿಂತು, "ನೀವೇ ಗಂಟು ಬಿಚ್ರಿ ಯಪ್ಪಾ" ಎಂದಳು.

ಸಾಹೇಬರು ತಿಣುಕಾಡಿ ಬಿಚ್ಚಿದರು. ಶರಣಿ ಕೇಕೆ ಹಾಕುತ್ತ ಸೀದಾ ಹೊಂಡದ ಕಡೆಗೇ ಓಡಿದಳು. ತಾಯಿ ಅಡ್ಡ ಇದ್ದಾಳೆಂಬುದನ್ನೂ ಮರೆತು ಸಾಹೇಬರು ಪಾಲಿಶ್ ಮಾಡಿದ ಬೂಟಿನಲ್ಲಿ ಎಡವುತ್ತ ಓಡಿ ಕೂಸನ್ನು ಎತ್ತಿಕೊಂಡರು. ಏದುಸಿರು ಬಿಡುತ್ತ, "ಕಟ್ಟವ್ವ, ಮೊದಲ ಕಟ್ಟು" ಎಂದರು.

ತಾಯಿಯದು ತಪ್ಪಲ್ಲ, ಕೂಸು ನೋಡಿಕೊಳ್ಳಲು ಜನ ಬೇಕು ಎಂದು ವರದಿ ಹೋಯಿತು. ಮರುವರ್ಷ ಖಣಿಯ ಪಕ್ಕದಲ್ಲೇ ಕೂಸುಗಳಿಗೊಂದು ಮನೆ ಎದ್ದಿತು. ಶರಣಿ ತಾಯಿಯ ಕಣ್ಣೆದುರೇ ಬೆಳೆದಳು. ಮುಂದೆ ನಾನು ದಪ್ಪ ದಪ್ಪ ವರದಿಗಳನ್ನು ಬರೆದೆ. ಆದರೆ ಇಂದಿಗೂ ನನಗೆ ಹೆಮ್ಮೆ, ಅಂದು ಬರೆಯದೆ ಬಿಟ್ಟ ಆ ಒಂದು ಮಾತಿನ ಬಗ್ಗೆ.

"ಯಾಕ ನಗಾಕತ್ತೀರಿ ಅತ್ತಿ? ಇದರ ಕೊಂಡಿ ಈಗೇ ಮುರೀತು" ಎಂದಳು ಸೊಸೆ.

"ಕೊಡು ಇಲ್ಲಿ" ಎಂದು ಮಲ್ಲಮ್ಮನ ಗಂಟು ಹಾಕಿದೆ. ಮೊಮ್ಮಗಳು ಜೋರಾಗಿ ಎಳೆದಳು. ಬಿಚ್ಚಲಿಲ್ಲ.