ಸೊಲ್ಲು ಹಿಡಿದ ತಂತಿ

ಬೇಸ್ ಗಿಟಾರಿನ ಚೀಲ ಬಿಚ್ಚಿದೆ. ಹಳೆಯ ತಂತಿಗಳ ತುಕ್ಕು, ಬೆವರಿನ ವಾಸನೆ. ಅದರ ಹಿಂದೆಯೇ ದೊಡ್ಡವ್ವ ಬಂದಳು, ಎಲೆಯಡಿಕೆ ಅಗಿಯುತ್ತಾ... ಇಲ್ಲ, ಗಂಟಲು ಕೆಟ್ಟ ಮೇಲೆ ಅದನ್ನು ಬಿಟ್ಟಿದ್ದಳು. ನೆನಪು ಹೀಗೆ ತನಗೆ ಬೇಕಾದ್ದನ್ನು ಸೇರಿಸಿಕೊಳ್ಳುತ್ತದೆ.

ಮಾರಿಕಣಿವೆಯಲ್ಲಿ ನಮ್ಮ ಪಕ್ಕದ ಮನೆಯವಳು. ಸೋಬಾನೆ ಹಾಡುತ್ತಿದ್ದಳು. ಆಕೆ ಒಂದು ಸಾಲು ಹೇಳಿದರೆ ಆಕೆಯ ತಂಗಿ ಅದರ ಕೊನೆಯನ್ನು ಎತ್ತಿಕೊಂಡು ಸೊಲ್ಲು ಹಿಡಿಯುತ್ತಿದ್ದಳು. ತಂಗಿ ತೀರಿಕೊಂಡ ಮೇಲೆ ದೊಡ್ಡವ್ವ ಹಾಡಲಿಲ್ಲ. ಆಮೇಲೆ ಡಾಕ್ಟರು ಆಕೆಯ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದರು. ತವರಿನಿಂದ ತಂದ ಒಂದು ಹಾಡು ಬೇರೆ ಯಾರಿಗೂ ಬರುತ್ತಿರಲಿಲ್ಲ. ಆಪರೇಷನ್ನಿಗೆ ಮುಂಚೆ ಅದನ್ನು ಉಳಿಸಿಕೊಳ್ಳಬೇಕೆಂದು ಹಿರಿಯೂರಿನ ಸ್ಟುಡಿಯೋಗೆ ಕರೆದೊಯ್ದೆ. ತಂಗಿಯ ಬದಲು ನನ್ನ ಬೇಸ್ ಸೊಲ್ಲು ಹಿಡಿಯಬೇಕಿತ್ತು.

ಎರಡು ಗಿಟಾರ್ ಒಯ್ದಿದ್ದೆ. ಹೊಸ ತಂತಿಯದನ್ನು ಕೇಳಿ ಮುಖ ಸಿಂಡರಿಸಿದಳು.

“ಲೇ, ತಗಡು ಬಡಿದಂಗೈತೆ. ನನ್ನ ತಂಗಿ ಹಿಂಗೆ ಕಿರುಚ್ತಿದ್ದಳೇನಲೇ?”

ಹೊಳಲ್ಕೆರೆಯ ಮದುವೆ ಬ್ಯಾಂಡಿನವರಿಂದ ಕೊಂಡ ಹಳೆಯದನ್ನು ತೆಗೆದೆ. ಮಂಕು ತಂತಿಗಳು ಗುಂಯ್ ಎಂದವು.

“ಹ್ಞೂ. ಇವಳು ಹಿಡಿತಾಳೆ.”

ಸ್ಟುಡಿಯೋದ ಪದ್ಧತಿ ಬೇರೆ: ಮೊದಲು ಬೇಸ್, ಕೊನೆಗೆ ಧ್ವನಿ.

“ಸೊಲ್ಲು ಹಿಡಿಯೋರು ಮುಂದಾಗಿ ಹಾಡ್ತಾರೇನಪ್ಪ?” ದೊಡ್ಡವ್ವ ಕೇಳಿದಳು.

“ಇಲ್ಲಿ ಹಂಗೇ ಕಣವ್ವ,” ಎಂದ ರೆಕಾರ್ಡಿಂಗ್ ಮಾಡುವವನು. “ಬೇಸಿನವರಿಗೆ ಅಳತೆ ಸಿಗಲಿ, ಪಕ್ಕದಲ್ಲಿ ಹಾಡ್ಕಂತ ಕುಂತ್ಕಳ್ರಿ.”

ಹಾಡಿದಳು. ನಾನು ತಪ್ಪಿದಾಗಲೆಲ್ಲ ಮತ್ತೆ ಮೊದಲಿನಿಂದ ಹಾಡಿದಳು. ಬೇಸಿನ ಸದ್ದು ವೈರಿನಲ್ಲೇ ನೇರ ಯಂತ್ರಕ್ಕೆ ಹೋಗುತ್ತದೆ. ಕೋಣೆಯ ಮೈಕು ಆಫ್ ಆಗಿತ್ತು, ಆಕೆ ಹಾಡಿದ್ದು ಯಂತ್ರಕ್ಕೆ ಹೋಗಲೇ ಇಲ್ಲ. ನಾನು ಕೇಳಿಸಿಕೊಂಡದ್ದು ಸಾಲು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಮಾತ್ರ.

ಕೊನೆಗೆ ನನ್ನದು ಸರಿಯಾಗಿ ಬಂತು. ರೆಕಾರ್ಡಿಂಗಿನವನು ಮೈಕು ಹಾಕಿ ಆಕೆಗೆ ಸನ್ನೆ ಮಾಡಿದ. ಬಾಯಿ ತೆರೆದಳು... ಬರೀ ಗಾಳಿ. ನೀರು ಕುಡಿದಳು. ಮತ್ತೆ ಗಾಳಿ.

“ಸೊಲ್ಲು ಬಂತು,” ಎಂದು ಪಿಸುಗುಟ್ಟಿದಳು. “ಹಾಡು ಎಲ್ಲೋಯ್ತಲೇ?” ನಕ್ಕಳು ಅನ್ನಿಸುತ್ತದೆ. ನಗಲಿಲ್ಲವೇನೋ.

ಆ ಧ್ವನಿ ಆಪರೇಷನ್ನಿನ ತನಕ ತಿರುಗಿ ಬರಲಿಲ್ಲ. ಆಮೇಲೆ ಬರುವಂತೆಯೂ ಇರಲಿಲ್ಲ. ಕತ್ತಿಗೆ ಬಟ್ಟೆ ಸುತ್ತಿಕೊಂಡು ನಮ್ಮ ಮನೆಗೆ ಬರುತ್ತಿದ್ದಳು. ಹೆಡ್‌ಫೋನಿನಲ್ಲಿ ಅವತ್ತಿನ ಬೇಸ್ ಕೇಳುತ್ತಾ, ನನ್ನ ಮಣಿಕಟ್ಟು ಹಿಡಿದು, ತುಟಿ ಆಡಿಸುತ್ತಿದ್ದಳು. ಬರೆದುಕೊಡಲು ಆಕೆಗೆ ಅಕ್ಷರ ಬಾರದು. ತುಟಿಯನ್ನೇ ನೋಡುತ್ತಿದ್ದೆ, ಒಂದು ಪದವೂ ಸಿಗುತ್ತಿರಲಿಲ್ಲ. ತಿಳಿಯಲಿಲ್ಲವೆಂದು ನಾನು ತಲೆಯಲ್ಲಾಡಿಸಿದರೆ ಮತ್ತೆ ಮೊದಲಿನಿಂದ... ಹಾಗೇ ಒಂದು ದಿನ ತೀರಿಹೋದಳು.

ಇವತ್ತು ಆ ರೆಕಾರ್ಡಿಂಗ್ ಹಾಕಿಕೊಂಡು ಕೂತಿದ್ದೇನೆ. ಮೌನ, ಸೊಲ್ಲು. ಮೌನ, ಸೊಲ್ಲು. ಇಲ್ಲದ ಸಾಲಿಗೆ ತಂತಿ ಹೂಂಗುಟ್ಟುತ್ತಲೇ ಇದೆ.