ಕಿಟಕಿಯಲ್ಲಿ ತಿರುಗಿಸಿಟ್ಟ ಡಬ್ಬಿ

ನವರಾತ್ರಿ ಬಂತೆಂದರೆ ನನಗೆ ದೇವಿಗಿಂತ ಮೊದಲು ಒಬ್ಬ ಹುಡುಗಿ ನೆನಪಾಗುತ್ತಾಳೆ. ದೇವಿ ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಕ್ಕಿಲ್ಲ ಎಂದುಕೊಂಡಿದ್ದೇನೆ. ಅವಳಿಗೆ ನನ್ನಂಥವರ ಪರಿಚಯ ಹಳೆಯದು.

ತೊಂಬತ್ತರ ದಶಕದಲ್ಲಿ ನಾನು ಬಸವಕಲ್ಯಾಣದ ಒಂದು ಶಿಕ್ಷಕರ ತರಬೇತಿ ಸಂಸ್ಥೆಯಲ್ಲಿ ವಿಜ್ಞಾನ ಬೋಧನೆ ಕಲಿಸುತ್ತಿದ್ದೆ. ಆಗ ಆ ಕೋರ್ಸಿಗೆ ಟಿ.ಸಿ.ಎಚ್. ಎನ್ನುತ್ತಿದ್ದರು. ಮುಂದೆ ಪ್ರಾಥಮಿಕ ಶಾಲೆಗಳಿಗೆ ಮಾಸ್ತರರೂ ಟೀಚರುಗಳೂ ಆಗಿ ಹೋಗುವವರಿಗೆ, ಪುಸ್ತಕ ಓದಿಸುವುದನ್ನು ಬಿಟ್ಟು ಮಕ್ಕಳ ಕೈಯಿಂದಲೇ ಮಾಡಿಸಿ ವಿಜ್ಞಾನ ಹೇಳುವುದು ಹೇಗೆಂದು ತೋರಿಸುವುದು ನನ್ನ ಕೆಲಸ. ಮನೆ ಹುಮನಾಬಾದಿನಲ್ಲಿ. ದಿನಾ ಬಸ್ಸು, ತೊಡೆಯ ಮೇಲೊಂದು ಚೀಲ, ಚೀಲದಲ್ಲಿ ಬಲೂನು, ಮೇಣದಬತ್ತಿ, ಸೈಕಲ್ ಟ್ಯೂಬಿನ ತುಂಡು, ಆಯಸ್ಕಾಂತ. ಒಬ್ಬ ಕಂಡಕ್ಟರ್ ಬಹಳ ಕಾಲ ನನ್ನನ್ನು ಆಟಿಕೆ ಮಾರುವವಳೆಂದೇ ತಿಳಿದಿದ್ದ. ನಾನೂ ತಿದ್ದಲು ಹೋಗಲಿಲ್ಲ.

ಶಾಲೆಗಳಿಗೆ ಸರಕಾರ ವಿಜ್ಞಾನದ ಪೆಟ್ಟಿಗೆ ಕೊಟ್ಟಿರಲಿಲ್ಲ ಅಂತಲ್ಲ. ಕೊಟ್ಟಿತ್ತು. ಅದು ಹೆಡ್‌ಮಾಸ್ತರರ ಅಲಮಾರಿಯಲ್ಲಿ ಬೀಗದೊಳಗೆ ಇರುತ್ತಿತ್ತು. ವರ್ಷಕ್ಕೊಮ್ಮೆ ಆಯುಧ ಪೂಜೆಗೆ ಹೊರಬಂದು, ಭೂತಗನ್ನಡಿಯ ಗಾಜಿಗೂ ಕುಂಕುಮ ಹಚ್ಚಿಸಿಕೊಂಡು ಮತ್ತೆ ಒಳಗೆ ಹೋಗುತ್ತಿತ್ತು. ಮಕ್ಕಳು ಮುಟ್ಟಿದರೆ ಒಡೆಯುತ್ತದೆ ಎಂಬ ಹೆದರಿಕೆ. ಒಡೆಯಲಿ ಬಿಡ್ರಿ ಎಂದು ನಾನು ಸಿಡುಕುತ್ತಿದ್ದೆ. ಹೊಣೆ ಹೊರುವವರು ನೀವಲ್ಲವಲ್ಲ ಎಂದು ಅವರು ನಗುತ್ತಿದ್ದರು. ಅದೂ ಸುಳ್ಳಲ್ಲ.

ನನ್ನ ನಿಜವಾದ ಜಗಳವಿದ್ದದ್ದು ಪಾಠ ಯೋಜನೆಯ ಒಂದು ಅಂಕಣದ ಜೊತೆ. ಪಾಠ ಮಾಡುವ ಮೊದಲೇ ಪ್ರತಿ ಪ್ರಶ್ನೆಯ ಮುಂದೆ ಮಕ್ಕಳ ‘ನಿರೀಕ್ಷಿತ ಉತ್ತರ’ ಬರೆಯಬೇಕಿತ್ತು. ಬರೆದ ಮೇಲೆ ಅದು ಬರಲೇಬೇಕಲ್ಲ! ಕೆಲವು ಜಾಣರು ಅಭ್ಯಾಸ ಪಾಠದ ಹಿಂದಿನ ದಿನವೇ ಶಾಲೆಗೆ ಹೋಗಿ, ಮಕ್ಕಳಿಗೆ ಪೆಪ್ಪರಮಿಂಟು ಹಂಚಿ, ಗಿಣಿಪಾಠ ಮಾಡಿಸಿ ಬರುತ್ತಿದ್ದರು. ಒಮ್ಮೆ ಮೇಣದಬತ್ತಿಯೂ ಗಾಜಿನ ಲೋಟವೂ ಇನ್ನೂ ಚೀಲದಲ್ಲೇ ಇರುವಾಗ ಇಡೀ ತರಗತಿ ಒಂದೇ ದನಿಯಲ್ಲಿ ದೀಪ ಆರಿಹೋಯಿತು ಎಂದು ಕೂಗಿತ್ತು. ಹಿಂದೆ ಕೂತಿದ್ದ ನಾನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ಆದರೆ ಬಸ್ಸಿನಲ್ಲಿ ಕೂತ ಮೇಲೆ ನಗು ಬರಲಿಲ್ಲ. ಒಂದು ಮಗುವಾದರೂ ತನ್ನ ಕಣ್ಣಿಗೆ ಕಂಡದ್ದನ್ನು ಹೇಳುವ ಪಾಠ ನೋಡಬೇಕೆಂದು ನನಗೆ ಹಸಿವಿನಂಥ ಆಸೆಯಿತ್ತು.

ನವರಾತ್ರಿಗೆ ನೆನಪಾಗುವ ಆ ಹುಡುಗಿ ನಮ್ಮ ಸಂಸ್ಥೆಯಲ್ಲಿ ಕಲಿಯುತ್ತಿದ್ದವಳು, ಮೋರಖಂಡಿ ಊರಿನವಳು. ಮಾತು ಕಡಿಮೆ. ಏನಾದರೂ ಕೊಟ್ಟರೆ ಮೊದಲು ತಿರುಗಿಸಿ, ಮೂಸಿ, ಬೆಳಕಿಗೆ ಹಿಡಿದು ನೋಡುವವಳು. ಅಭ್ಯಾಸ ಪಾಠಕ್ಕೆ ಅವಳಿಗೆ ಹುಮನಾಬಾದಿನ ಒಂದು ಶಾಲೆಯ ನಾಲ್ಕನೇ ತರಗತಿ ಬಂತು. ವಿಷಯ, ಸಸ್ಯಗಳಿಗೆ ಬೆಳಕು ಬೇಕು. ದಸರೆ ರಜೆಯಲ್ಲಿ ಮನೆಯಲ್ಲೇ ಎರಡು ಎಣ್ಣೆ ಡಬ್ಬಿಗಳಲ್ಲಿ ಗೋಧಿ ಬಿತ್ತಿದ್ದಳು. ಒಂದನ್ನು ಅಂಗಳದಲ್ಲಿ ಇಟ್ಟಿದ್ದಳು, ಇನ್ನೊಂದನ್ನು ಕಾಳಿನ ಕತ್ತಲೆಕೋಣೆಯಲ್ಲಿ. ರಜೆ ಮುಗಿದ ಮೇಲೆ ಎರಡನ್ನೂ ಮಡಿಲಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಬಂದಳು. ಒಂದು ಹಸಿರು, ಇನ್ನೊಂದು ಹಳದಿ. ನೋಡಿ ನಾನು ಶಭಾಶ್ ಎಂದೆ. ಯಾವ ಸಸಿ ಚೆನ್ನಾಗಿ ಬೆಳೆದಿದೆ ಎಂಬ ಪ್ರಶ್ನೆಯ ಮುಂದೆ ಅವಳು ‘ಹಸಿರು ಸಸಿ’ ಎಂದು ಬರೆದಿದ್ದಳು. ಅದನ್ನೂ ಓದಿ ಸಹಿ ಹಾಕಿದೆ.

ನಮ್ಮಿಬ್ಬರಿಗೂ ಹೊಳೆಯದೇ ಹೋದದ್ದು ಘಟ. ನಮ್ಮ ಕಡೆ ನವರಾತ್ರಿಯಲ್ಲಿ ದೇವರ ಕೋಣೆಯ ಮೂಲೆಯಲ್ಲಿ ಮಣ್ಣು ಹರವಿ, ನಡುವೆ ನೀರಿನ ಗಡಿಗೆ ಇಟ್ಟು, ಸುತ್ತಲೂ ಗೋಧಿ ಬಿತ್ತುತ್ತಾರೆ. ಕತ್ತಲಲ್ಲಿ ಬೆಳೆದ ಆ ಸಸಿ ಅರಿಸಿನದ ಬಣ್ಣಕ್ಕೆ ಬರುತ್ತದೆ. ದಸರೆಯ ದಿನ ಅದನ್ನು ಗಂಡಸರು ಟೋಪಿಗೆ, ಹೆಂಗಸರು ಹೆರಳಿಗೆ ಸಿಗಿಸಿಕೊಳ್ಳುತ್ತಾರೆ. ಸಸಿ ಎಷ್ಟು ಉದ್ದವೋ, ಎಷ್ಟು ಹಳದಿಯೋ, ಮನೆಗೆ ಅಷ್ಟು ಒಳ್ಳೆಯದು. ಅವಳ ಮನೆಯಲ್ಲೂ ಘಟ ಇತ್ತು, ನನ್ನ ಮನೆಯಲ್ಲೂ ಇತ್ತು. ಮನೆಯ ಗೋಧಿ ಬೇರೆ, ಪಾಠದ ಗೋಧಿ ಬೇರೆ ಎಂದು ನಮ್ಮ ತಲೆ ತಾನೇ ಗೋಡೆ ಕಟ್ಟಿಕೊಂಡಿತ್ತು.

ಮಕ್ಕಳಿಗೆ ಆ ಗೋಡೆ ಇರಲಿಲ್ಲ. ಯಾವುದು ಚೆನ್ನಾಗಿ ಬೆಳೆದಿದೆ ಎಂದು ಅವಳು ಕೇಳಿದ್ದೇ ತಡ, ತರಗತಿಯ ಕೈಗಳೆಲ್ಲ ಹಳದಿ ಡಬ್ಬಿಯ ಕಡೆ ಹೋದವು. ಮುಂದಿನ ಸಾಲಿನ ಒಬ್ಬ ಹುಡುಗಿ ಎದ್ದು ಬಂದು ಗೇಣು ಹಾಕಿ ಅಳೆದೇಬಿಟ್ಟಳು. ಹಳದಿಯೇ ಉದ್ದ ಇತ್ತು. ನನ್ನ ಪಕ್ಕದಲ್ಲಿ ಪಾಠ ವೀಕ್ಷಣೆಗೆ ಕೂತಿದ್ದ ಹಿರಿಯ ಸಹೋದ್ಯೋಗಿಯ ಪೆನ್ನು ನಿಂತಿತು. ಬೇರೆ ಯಾರೇ ಆಗಿದ್ದರೂ ತಪ್ಪು, ಕೂತ್ಕೊ ಎಂದು ಮುಂದೆ ಹೋಗುತ್ತಿದ್ದರು. ಅವಳು ಬೋರ್ಡಿನ ಮುಂದೆ ನೆಲಕ್ಕೆ ಕೂತು, ಎರಡೂ ಡಬ್ಬಿಗಳನ್ನು ಕಣ್ಣಿನ ಮಟ್ಟಕ್ಕೆ ಇಟ್ಟುಕೊಂಡು, ಮಕ್ಕಳನ್ನೇ ಮರೆತವಳಂತೆ ನೋಡಿದಳು.

“ಹೌದಲ್ಲ, ಇದೇ ಉದ್ದ ಅದ,” ಎಂದಳು. “ಕತ್ತಲ್ಯಾಗ ಇದ್ದದ್ದು ಯಾಕ ಹಿಂಗ ಉದ್ದ ಆತು? ನನಗೂ ಗೊತ್ತಿಲ್ಲ. ಎಲ್ಲರೂ ಕೂಡಿ ನೋಡೋಣ.”

ಮಕ್ಕಳು ಬೆಂಚು ಬಿಟ್ಟು ಅವಳ ಸುತ್ತ ಮುಗಿಬಿದ್ದರು. ಹಳದಿಯದನ್ನು ಬಿಸಿಲಿಗೆ ಇಟ್ಟರೆ ಏನಾಗುತ್ತದೋ ನೋಡೋಣ ಎಂದು ಅವರೇ ಗೊತ್ತುಮಾಡಿ, ಡಬ್ಬಿಯನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟರು. ಅಷ್ಟರಲ್ಲಿ ಗಂಟೆ ಹೊಡೆಯಿತು. ಏನಾಯಿತೆಂದು ನನಗೆ ಹೇಳಬೇಕು, ನಾನು ಮತ್ತೆ ಬರುತ್ತೇನೆ ಎಂದು ಅವಳು ಮಕ್ಕಳಿಗೆ ಮಾತು ಕೊಟ್ಟಳು.

ಸಹೋದ್ಯೋಗಿ ‘ಪಾಠದ ಉದ್ದೇಶ ಈಡೇರಿಲ್ಲ’ ಎಂದು ಬರೆದರು. ಕೆಟ್ಟವರಲ್ಲ, ಅಂಕಣ ಹೇಳಿದಂತೆ ನಡೆಯುವವರು. ಅವಳಿಗೆ ಅಂಕದ ಚಿಂತೆ ಇರಲಿಲ್ಲ. ಕೊಟ್ಟ ಮಾತಿನದೇ ಚಿಂತೆ. ಅಭ್ಯಾಸ ಪಾಠಕ್ಕೆ ಹೋದವರೆಲ್ಲ ಹೊರಡುವಾಗ ಮತ್ತೆ ಬರುತ್ತೇವೆ ಎನ್ನುವುದು ವಾಡಿಕೆ. ಯಾರೂ ಹೋಗುವುದಿಲ್ಲ. ಅವಳು ಚಿಕ್ಕವಳಿದ್ದಾಗ ಅವಳ ಊರಿನ ಶಾಲೆಗೂ ಹಾಗೆ ಒಬ್ಬರು ಬಂದಿದ್ದರಂತೆ, ಮತ್ತೆ ಬರುತ್ತೇನೆ ಅಂದಿದ್ದರಂತೆ. ಇವಳು ಎಷ್ಟೋ ದಿನ ಬಸ್ಸಿನ ಸಪ್ಪಳಕ್ಕೆಲ್ಲ ಹೊರಗೆ ಓಡಿ ನೋಡುತ್ತಿದ್ದಳಂತೆ. ತಾನು ಅಂಥವಳಾಗಬಾರದು ಎಂದಳು.

ಮರುವಾರ ಅವಳ ಪಾಠಗಳೆಲ್ಲ ಬೇರೆ ಶಾಲೆಯಲ್ಲಿ ಬಿದ್ದವು. ಹಗಲು ಆ ಪಾಠ ಬಿಟ್ಟು ಹೋಗುವ ಹಾಗಿರಲಿಲ್ಲ. ಕೊನೆಗೆ ಒಂದು ದಿನ ಪ್ರಾಂಶುಪಾಲರನ್ನು ಕಾಡಿ ಬೇಡಿ, ಒಂದು ತಾಸು ಮೊದಲೇ ಅವಳನ್ನು ಕರೆದುಕೊಂಡು ಹೊರಟೆ. ಕಬ್ಬಿನ ಕಾಲ. ಹಳ್ಳಿಖೇಡದ ಸಕ್ಕರೆ ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರುಗಳು ಹೆದ್ದಾರಿಯ ಉದ್ದಕ್ಕೂ ತೆವಳುತ್ತಿದ್ದವು. ನಮ್ಮ ಬಸ್ಸು ಅವುಗಳ ಹಿಂದೆ ದಿಬ್ಬಣದ ಕೊನೆಯ ಗಾಡಿಯಂತೆ ಸಾಗಿತು. ಅವಳು ಸೀಟಿನ ತುದಿಯಲ್ಲಿ ಕೂತು ಹಾದಿಯನ್ನೇ ನೋಡುತ್ತಿದ್ದಳು. ನಾವು ಮುಟ್ಟುವ ಹೊತ್ತಿಗೆ ಶಾಲೆ ಬಿಟ್ಟು, ಬೀಗ ಬಿದ್ದು, ಮೈದಾನದಲ್ಲಿ ಆಡುಗಳು ಮೇಯುತ್ತಿದ್ದವು.

ಶಾಲೆಯ ಹಿಂದೆ ಹೋದೆವು. ಆ ಕಿಟಕಿಗೆ ಕದ ಇರಲಿಲ್ಲ, ಕಬ್ಬಿಣದ ಸರಳುಗಳು ಮಾತ್ರ. ಒಳಗೆ ಕಟ್ಟೆಯ ಮೇಲೆ ಡಬ್ಬಿ ಇತ್ತು. ಹಳದಿ ಎಲ್ಲ ಹಸಿರಾಗಿತ್ತು. ಬಳುಕಿ ಬಿದ್ದ ಸಸಿಗಳಿಗೆ ಮಕ್ಕಳು ಪೊರಕೆಕಡ್ಡಿ ನಿಲ್ಲಿಸಿ ದಾರ ಕಟ್ಟಿದ್ದರು. ಎಲ್ಲ ಸಸಿಗಳೂ ಬೆಳಕಿನ ಕಡೆಗೆ, ಅಂದರೆ ನಮ್ಮ ಕಡೆಗೇ ಬಾಗಿದ್ದವು. ಹೇಳಬೇಕಾದ ಮಕ್ಕಳು ಮಾತ್ರ ಇರಲಿಲ್ಲ. ಅವಳು ಸರಳು ಹಿಡಿದು ನಿಂತಳು. ಆಮೇಲೆ ಕೈ ಒಳಗೆ ತೂರಿಸಿ, ಬೆರಳ ತುದಿಯಿಂದ ಡಬ್ಬಿಯನ್ನು ಮೆಲ್ಲಗೆ ಹಿಂದುಮುಂದಾಗಿ ತಿರುಗಿಸಿದಳು.

“ನಾಳಿ ಮುಂಜಾನಿ ಇವು ಒಳಗ ಮಾರಿ ಮಾಡಿ ನಿಂತಿರ್ತಾವ್ರಿ ಮೇಡಂ,” ಎಂದಳು. “ನಾ ಬಂದಿದ್ದೆ ಅಂತ ಗೊತ್ತಾಗ್ತದ.”

ಬೆಕ್ಕು ತಿರುಗಿಸಿತು ಅಂದುಕೊಳ್ಳುತ್ತಾರೆ ಎಂದು ನಾನು ಛೇಡಿಸಿದೆ. ಅವಳು ನಕ್ಕಳು. ಚಹಾ ಕುಡಿಸಿ, ಬಸವಕಲ್ಯಾಣದ ಬಸ್ಸು ಹತ್ತಿಸಿ ಮನೆಗೆ ಹೋದೆ.

ಆಮೇಲೆ ಪರೀಕ್ಷೆ ಬಂತು, ಕೋರ್ಸು ಮುಗಿಯಿತು. ಅವಳನ್ನು ಗಡಿಯಾಚೆ ಲಾತೂರಿನ ಕಡೆ ಕೊಟ್ಟರು ಎಂದು ಯಾರೋ ಹೇಳಿದರು. ಅಲ್ಲಿ ಕನ್ನಡ ಶಾಲೆ ಎಲ್ಲಿಂದ ಬರಬೇಕು! ನಾನು ಕಲಿಸಿದವರಲ್ಲಿ ಎಲ್ಲರಿಗಿಂತ ಚೆನ್ನಾಗಿ ನೋಡಬಲ್ಲವಳು ಯಾವ ಮಕ್ಕಳ ಮುಂದೂ ನಿಲ್ಲದೆ ಹೋದಳೇನೋ ಎಂಬ ಕೊರಗು ನನ್ನಲ್ಲಿ ಉಳಿಯಿತು.

ಹೊಸ ಶತಮಾನ ಬಂತು. ಟಿ.ಸಿ.ಎಚ್. ಹೋಗಿ ಡಿ.ಎಡ್. ಆಯಿತು. ಕಾಲೇಜುಗಳು ನಾಯಿಕೊಡೆಗಳಂತೆ ಎದ್ದವು. ಪಾಠ ಯೋಜನೆಯ ಆ ಅಂಕಣ ಮಾತ್ರ ಹೆಸರು ಬದಲಿಸಿಕೊಂಡು ಕೂತೇ ಇತ್ತು. ಒಂದು ಮಳೆಗಾಲದಲ್ಲಿ ಹೊಸ ತಂಡಕ್ಕೆ ಗೋಧಿಯ ಡಬ್ಬಿ ತೋರಿಸಿ, ಇದನ್ನು ತಿರುಗಿಸಿಟ್ಟರೆ ಏನಾಗುತ್ತದೆ ಎಂದು ಕೇಳಿದೆ. ಹುಮನಾಬಾದಿನ ಒಬ್ಬ ತರುಣ ಎದ್ದು ನಿಂತ. ತನ್ನ ನಾಲ್ಕನೇ ತರಗತಿಗೆ ಪಾಠಕ್ಕೆ ಬಂದಿದ್ದ ಒಬ್ಬ ಟೀಚರ್ ಹೀಗೇ ಡಬ್ಬಿ ತಂದಿದ್ದರು, ಮತ್ತೆ ಬರುತ್ತೇನೆ ಅಂದಿದ್ದರು ಎಂದು ಹೇಳತೊಡಗಿದ. ಆ ದಿನ ಅವರ ತರಗತಿಯ ಹಿಂದೆ ಕೂತಿದ್ದ ನನ್ನನ್ನು ಅವನು ಮರೆತಿದ್ದ. ಅದೇ ಒಳ್ಳೆಯದಾಯಿತು.

“ಒಂದ್ ಮುಂಜಾನಿ ಹೋಗಿ ನೋಡಿದ್ರ ಸಸಿ ಎಲ್ಲಾ ಒಳಗ ಮಾರಿ ಮಾಡಿ ನಿಂತಿದ್ವುರಿ. ಟೀಚರ್ ಬಂದು ಹೋಗ್ಯಾರ ಅಂತ ನಮಗ ಗೊತ್ತಾತು. ಸಂಜಿ ಅನ್ನೋದ್ರಾಗ ಅವು ಮತ್ತ ಹೊರಗ ತಿರುಗಿದ್ವು. ಆಮ್ಯಾಲ ದಿನಾ ಸಾಲಿ ಬಿಡೂ ಮುಂದ ನಾವೇ ತಿರುವಿ ಇಡ್ತಿದ್ವಿ.”

ಯಾಕೆ ಎಂದು ಕೇಳಿದೆ.

“ಅವರು ಮತ್ತ ಬಂದ್ರ, ನಾವೂ ನೋಡೇವಿ ಅಂತ ಅವರಿಗೂ ಗೊತ್ತಾಗ್ಲಿ ಅಂತರಿ.”

ಆ ಸಸಿಗಳು ಒಣಗಿ ಹುಲ್ಲಾಗುವ ತನಕ ತಿರುವಿಟ್ಟರಂತೆ.

ಮರುದಿನವೇ ಮೋರಖಂಡಿಗೆ ಹೋದೆ. ಅವಳ ಮನೆಯವರು ಊರು ಬಿಟ್ಟು ವರ್ಷಗಳಾಗಿದ್ದವು. ಲಾತೂರಿನ ಕಡೆ ಯಾವ ಊರು ಎಂದು ಯಾರಿಗೂ ಗೊತ್ತಿರಲಿಲ್ಲ. ಬಾವಿಕಟ್ಟೆಯ ಮೇಲೆ ಕೂತಿದ್ದ ಮುದುಕಿಯೊಬ್ಬಳು ಏನು ಹೇಳಬೇಕಿತ್ತು ತಾಯಿ ಎಂದು ಕೇಳಿದಳು. ಆ ಮುದುಕಿಗೇ ಎಲ್ಲವನ್ನೂ ಹೇಳಿಬಿಟ್ಟೆ. ಯಾರಿಗಾದರೂ ಹೇಳಬೇಕಿತ್ತು.

ಈಗ ನಮ್ಮ ಸಂಸ್ಥೆಯೂ ಇಲ್ಲ, ನನ್ನ ಚೀಲವೂ ಖಾಲಿ. ಆದರೂ ಪ್ರತಿ ದಸರೆಗೆ ಘಟ ಕದಲಿಸಿದ ಮೇಲೆ ಒಂದು ಹಿಡಿ ಸಸಿಯನ್ನು ಮಣ್ಣು ಸಮೇತ ಡಬ್ಬಿಗೆ ಹಾಕಿ ಕಿಟಕಿಯಲ್ಲಿ ಇಡುತ್ತೇನೆ. ಹಸಿರಾಗಿ, ಹೊರಗೆ ಬಾಗಿದ ಮೇಲೆ ಒಂದು ಸಂಜೆ ತಿರುಗಿಸುತ್ತೇನೆ. ಮುಂಜಾನೆ ಎದ್ದು ನೋಡಿದರೆ ಅವು ಒಳಗೆ ಮುಖ ಮಾಡಿ ನಿಂತಿರುತ್ತವೆ. ತಿರುಗಿಸಿದವಳು ನಾನೇ ಎಂದು ಗೊತ್ತಿದ್ದರೂ, ಅವಳು ಬಂದು ಹೋದಳು ಅನಿಸುತ್ತದೆ.