ಎಂಟನೆಯ ಗೊರಟೆ

ಸೊಸೆ ಮಹಾದೇವಿ ಅಡುಗೆಮನೆಯಲ್ಲಿ ಸೀಕರಣೆಗೆ ಮಾವಿನಹಣ್ಣು ಹಿಂಡುತ್ತಿದ್ದಾಳೆ. ವಾಸನೆ ಪಡಸಾಲೆಯವರೆಗೂ ಬಂದಿದೆ. ನಿಮ್ಮ ಮನೆಯಲ್ಲಿ ಹಣ್ಣು ಎಣಿಸುತ್ತಾರೇನೋ. ನಮ್ಮಲ್ಲಿ ಗೊರಟೆ ಎಣಿಸುತ್ತಾರೆ. ಎಣಿಸಿ, ಹಿತ್ತಲ ಕುಣಿಗೆ ಹಾಕಿ, ಮೇಲೆ ಮಣ್ಣೆಳೆದ ಮೇಲೆಯೇ ಅವಳು ಕೈ ತೊಳೆಯುವುದು. ಇದಕ್ಕೆ ಕಾರಣ ನಾನು. ಕೂಡಿರಿ, ಹೇಳುತ್ತೇನೆ.

ಆಗ ಅವಳು ಬನಹಟ್ಟಿಯಿಂದ ನಮ್ಮ ಹಿಪ್ಪರಗಿಗೆ ಬಂದು ವರ್ಷವೂ ಆಗಿರಲಿಲ್ಲ. ಮಗ್ಗದ ಸದ್ದಿನಲ್ಲಿ ಬೆಳೆದವಳು, ಎಮ್ಮೆ ಕಂಡರೆ ಎರಡು ಹೆಜ್ಜೆ ಹಿಂದೆ. ಸೀಕರಣೆ ಉಂಡ ದಿನ ಸಿಪ್ಪೆ ಎಮ್ಮೆಗೆ, ಗೊರಟೆ ಕುಣಿಗೆ ಎಂಬುದು ನಮ್ಮ ರೂಢಿ. ಅಂದು ಯಾರೋ ಬೇರೆ ಮಾಡದೆ ಎಲ್ಲವನ್ನೂ ಎಮ್ಮೆ ಕಲಗಚ್ಚು ಕುಡಿಯುವ ಬಾನಿಗೆ ಸುರಿದಿದ್ದರು. ಯಾರು ಎಂಬುದು ಆಮೇಲೆ.

ಮಧ್ಯಾಹ್ನ ನೋಡಿದರೆ ಎಮ್ಮೆ ಕೊರಳು ಮುಂದೆ ಚಾಚಿ ನಿಂತಿದೆ. ಜೊಲ್ಲು ಹಗ್ಗದಂತೆ ಇಳಿಯುತ್ತಿದೆ. ಮೆಲುಕಿಲ್ಲ. ಕುಡಿದ ನೀರು ಮೂಗಿನಿಂದ ವಾಪಸು. ನೋಡನೋಡುತ್ತಲೇ ಎಡಹೊಟ್ಟೆ ಉಬ್ಬಿತು. ಬೀರೇಶ್ವರನ ಗುಡಿಯಲ್ಲಿ ಡೊಳ್ಳು ಬಾರಿಸುವ ನೆರೆಮನೆಯ ಬೀರಪ್ಪ ಬಂದು, ಹೊಟ್ಟೆ ತಟ್ಟಿ, "ನಾದ ಛಲೋ ಐತಿ" ಎಂದ.

"ಲೇ, ಎಮ್ಮಿ ಸಾಯಾಕತ್ತೈತಿ, ನಿನಗ ನಾದ!"

"ಗೊಟ್ಟ ತಾ ಬೇ ಯವ್ವಾ. ಎಣ್ಣಿ ಹೊಯ್ಯೂಣು, ಜಾರಿ ಒಳಗ ಹೋಗತೈತಿ."

ನಾನು ಬಿದಿರಿನ ಗೊಟ್ಟಕ್ಕೆ ಎಣ್ಣೆ ತುಂಬಿ ಕೊಂಬು ಹಿಡಿದೆ. ಅಷ್ಟರಲ್ಲಿ ಬೈಕ್ ಬಂದು ನಿಂತಿತು. ಮಹಾದೇವಿ ನನ್ನನ್ನು ಕೇಳದೆಯೇ ದನದ ಡಾಕ್ಟರಿಗೆ ಫೋನ್ ಮಾಡಿದ್ದಳು.

"ಎಣ್ಣಿ ಕೆಳಗ ಇಡ್ರಿ! ದಾರಿ ಕಟ್ಟೈತಿ. ಅದು ಹೊಟ್ಟಿಗಲ್ಲ, ಪುಪ್ಪುಸಕ್ಕ ಇಳಿತೈತಿ. ಹುಚ್ಚುನಾಯಿ ಏನರ ಕಡದಿತ್ತೇನು?"

"ಇಲ್ರಿ."

ಆದರೂ ಅವರು ಹೆಗಲವರೆಗೆ ಕೈಗವಸು ಏರಿಸಿದರು. ಜೊಲ್ಲು ಸುರಿಸುವ ದನದ ಬಾಯಿಗೆ ಬರಿಗೈ ಹಾಕಬಾರದಂತೆ.

"ಏನ್ ತಿಂದೈತಿ?"

"ಹುಲ್ಲು," ಎಂದೆ ನಾನು.

ಮಹಾದೇವಿ ನೆಲ ನೋಡುತ್ತ, "ಮಾವಿನ ಗೊರಟಿ ಇರಬೇಕ್ರಿ" ಎಂದಳು.

ಡಾಕ್ಟರು ಕೊರಳ ಎಡಗಡೆ ತಡವಿದರು, ಗಂಟು ಸಿಕ್ಕಿತು. ಮೊದಲು ಹೊಟ್ಟೆಗೆ ದಪ್ಪ ಸೂಜಿ ಚುಚ್ಚಿ ಗಾಳಿ ಬಿಟ್ಟರು. ಬಾಯಿಗೆ ಅಡ್ಡ ಕಟ್ಟಿಗೆ ಕೊಟ್ಟು, ಒಂದು ಕೈಯಿಂದ ಗಂಟನ್ನು ಹೊರಗಿನಿಂದ ಮೇಲಕ್ಕೆ ತಳ್ಳುತ್ತ, ಇನ್ನೊಂದನ್ನು ಗಂಟಲೊಳಗೆ ಇಳಿಸಿದರು. ಎಮ್ಮೆಗೆ ಹೆದರುವ ಹುಡುಗಿ ಆಗ ಮೂಗುದಾರ ಹಿಡಿದದ್ದು ಬಿಡಲಿಲ್ಲ. ಗೊರಟೆ ಹೊರಬಂತು. ಎಮ್ಮೆ ದೊಡ್ಡದೊಂದು ತೇಗು ತೇಗಿತು.

ನಾನು ಸುಮ್ಮನಿದ್ದೆನೇ? "ಬಾನ್ಯಾಗ ಗೊರಟಿ ಹಾಕಿದಿ ಏನ ಬೇ? ನಿಮ್ಮ ತವರಮನ್ಯಾಗ ಇದನ್ನ ಕಲಿಸ್ಯಾರೇನು?" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದೆ. ಅವಳು ಬಾನಿಗೆ ಕೈ ಹಾಕಿ ಉಳಿದ ಗೊರಟೆಗಳನ್ನು ಹೆಕ್ಕಿದಳು. ಅಂದಿನಿಂದ ಎಣಿಸತೊಡಗಿದಳು.

ಎಮ್ಮೆಯ ಗಂಟಲು ಅರ್ಧ ದಿನ ಕಟ್ಟಿತು. ನನ್ನದು ಹೋದ ವರ್ಷ ನಾಲ್ಕು ತಿಂಗಳು. ಮೊದಲು ಜೋಳದ ರೊಟ್ಟಿ ಎದೆಯಲ್ಲಿ ನಿಂತಿತು. ಹಾಲಲ್ಲಿ ನೆನೆಸಿದೆ. ಅದೂ ನಿಂತಿತು, ನುಚ್ಚಿಗೆ ಬಂದೆ, ಕೊನೆಗೆ ಅಂಬಲಿಗೆ. ಹಲ್ಲುನೋವು ಎಂದೆ. ನನ್ನ ಬಾಯಲ್ಲಿ ಉಳಿದಿದ್ದ ಹಲ್ಲು ಮೂರು.

"ಅತ್ತೀ, ಹಲ್ಲು ನೋಯೋರು ನುಂಗಿದ್ದು ಯಾಕ ಹೊಳ್ಳಿ ಕಾರತಾರ? ಕೊರಳ ಚಾಚೂದು ನೋಡೇನಿ ನಾ," ಎಂದವಳೇ ಸ್ಕೂಟಿಯಲ್ಲಿ ಹಿಂದೆ ಕೂರಿಸಿಕೊಂಡು ಜಮಖಂಡಿಗೆ ಒಯ್ದಳು.

ಮನುಷ್ಯರ ಡಾಕ್ಟರೂ ಅದೇ ಪ್ರಶ್ನೆ ಕೇಳಿದರು. ಏನು ತಿಂದಿರಿ, ಯಾವಾಗಿನಿಂದ, ನೀರು ಇಳಿಯುತ್ತದೆಯೇ, ತೂಕ ಇಳಿದಿದೆಯೇ?

"ಎರಡ ದಿನ ಆತ್ರಿ," ಎಂದೆ.

"ನಾಕ ತಿಂಗಳ್ರಿ," ಎಂದಳು ಸೊಸೆ.

ಕ್ಯಾಮೆರಾದ ನಳಿಗೆ ಇಳಿಸಿದರು. ಅನ್ನನಾಳ ಒಂದು ಕಡೆ ಸೂಜಿಯ ಕಣ್ಣಾಗಿದೆ ಎಂದರು. ಒಂದು ಚೂರು ಕಿತ್ತು ಪರೀಕ್ಷೆಗೆ ಕಳಿಸಿದರು. ದೊಡ್ಡ ರೋಗವೋ ಅಲ್ಲವೋ ಆಮೇಲೆ ತಿಳಿಯುತ್ತದಂತೆ. ಕಾಯುವ ಆ ದಿನಗಳಲ್ಲಿ ನನಗೆ ಸಾವಿನ ಹೆದರಿಕೆಗಿಂತ ಆ ಗೊರಟೆಯೇ ಹೆಚ್ಚು ಅಡ್ಡಬಂತು.

"ಮಾದೇವಿ, ಅವತ್ತ ಬಾನ್ಯಾಗ ಸುರುವಿದಾಕಿ ನಾನ."

"ಗೊತ್ತೈತ್ರಿ. ಬುಟ್ಟಿ ನಿಮ್ಮ ಕೈಯಾಗಿತ್ತು."

"ಮತ್ತ ಅವತ್ತ ಯಾಕ ಅನಲಿಲ್ಲ?"

"ಡಾಕ್ಟರಿಗೆ ಅಂದ್ನಲ್ರಿ. ತಿಳಿಯಬೇಕಾದಾಂವಗ ತಿಳದರ ಸಾಕಿತ್ತು."

ಬಂದ ವರದಿ ಒಳ್ಳೆಯದಿತ್ತು. ಮೊಣಕಾಲು ನೋವಿನ ಗುಳಿಗೆಯನ್ನು ನೀರಿಲ್ಲದೆ ನುಂಗಿ ಹಾಗೆಯೇ ಅಡ್ಡಾಗುತ್ತಿದ್ದೆ. ಅದು ಅಲ್ಲೇ ಕೂತು ಸುಟ್ಟು, ಗಾಯ ಮಾಯುತ್ತ ಬಿಗಿದಿತ್ತಂತೆ. ಬಲೂನಿನಂಥ ಪುಗ್ಗೆಯನ್ನು ಇಳಿಸಿ, ಉಬ್ಬಿಸಿ, ಎರಡು ಸಲಕ್ಕೆ ದಾರಿ ಅಗಲ ಮಾಡಿದರು. ಈಗ ಗುಳಿಗೆಗೆ ತುಂಬಿದ ತಂಬಿಗೆ ನೀರು. ನುಂಗಿದ ಮೇಲೆ ಅರ್ಧ ತಾಸು ನೆಟ್ಟಗೆ ಕೂಡಬೇಕು. ಅದಕ್ಕೇ ನಿಮ್ಮೊಡನೆ ಹರಟುತ್ತಿದ್ದೇನೆ.

ಅಡುಗೆಮನೆಯಿಂದ ಕೂಗು ಬಂತು. "ಅತ್ತೀ, ಹಣ್ಣು ಎಂಟು, ಗೊರಟಿ ಏಳ ಅದಾವಲ್ರಿ?"

ಹರಟೆಯ ನಡುವೆ ಸೆರಗಿನಿಂದ ತೆಗೆದದ್ದನ್ನು ನಾನು ಆಗಷ್ಟೇ ಬಾಯಿಗೆ ಹಾಕಿಕೊಂಡಿದ್ದೆ. ಅವಳು ಬಾಗಿಲಿಗೆ ಬಂದಳು.

"ಬಾಯಾಗ ಏನೈತ್ರಿ?"

ಹುಲ್ಲು ಎನ್ನಬಹುದಿತ್ತು. ತೆಗೆದು ಅವಳ ಅಂಗೈಗಿಟ್ಟೆ.

"ಗೊರಟಿ," ಎಂದೆ. "ನಾನ ತಗೊಂಡಿದ್ದೆ."